ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ನ್ಯುಮೋನಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿ ಜ್ವರ, ಕೆಮ್ಮು, ಕಫ, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವ ನೋವು. ನ್ಯುಮೋನಿಯಾ ಅಂದ ಕೂಡಲೇ ನೆನಪಾಗುವುದು ಇವೇ. ಹೆಚ್ಚಿನವರಲ್ಲಿ ಕಾಯಿಲೆ ಹೀಗೇ ಬರುತ್ತದೆ, ನಿಜ. ಆದರೆ ಕೆಲವರಲ್ಲಿ ಅದು ಹೊಟ್ಟೆನೋವಾಗಿ ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಬೇಧಿ, ಮಂಕು, ಇಲ್ಲವೇ ಬರೀ ಸುಸ್ತು. ಅಂಥವರು ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಬೇಧಿಗೆ ಮಾತ್ರೆ, ಹೊಟ್ಟೆಗೆ ಕಷಾಯ ಅಂತ ಎರಡು ಮೂರು ದಿನ ಕಳೆದುಹೋಗಿರುತ್ತದೆ. ಇದನ್ನು ಓದಿ ಮನೆಯಲ್ಲೇ ಔಷಧ ಶುರು ಮಾಡಬೇಡಿ. ಯಾವಾಗ ಓಡಬೇಕು, ಡಾಕ್ಟರಿಗೆ ಏನೇನು ಹೇಳಬೇಕು ಅಂತ ತಿಳಿದುಕೊಳ್ಳಲು ಓದಿ.

ಪ್ರಶ್ನೆ: ನ್ಯುಮೋನಿಯಾದಲ್ಲಿ ಒಳಗೆ ಏನಾಗುತ್ತದೆ?

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಉಸಿರಿನ ಆಮ್ಲಜನಕ ರಕ್ತಕ್ಕೆ ಸೇರುವುದು ಅಲ್ಲಿಯೇ. ಆ ಚೀಲಗಳಿಗೆ ಸೋಂಕು ತಗುಲಿ ಊದಿಕೊಂಡು, ನೀರು ಕೀವು ತುಂಬಿಕೊಳ್ಳುವುದೇ ನ್ಯುಮೋನಿಯಾ. ಇದು ಒಂದೇ ರೋಗಾಣುವಿನಿಂದ ಬರುವ ಕಾಯಿಲೆಯಲ್ಲ. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ, ಉಸಿರುನಾಳಕ್ಕೆ ಇಳಿದ ಅನ್ನದ ಅಗುಳು, ಸೀಮೆಎಣ್ಣೆ, ಹೀಗೆ ಕಾರಣಗಳು ಬಹಳ. ಲಕ್ಷಣಗಳು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದೂ ಇದಕ್ಕೇ.

ಪ್ರಶ್ನೆ: ನಮ್ಮ ಅಜ್ಜಿಗೆ ಜ್ವರ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಸುಮ್ನೆ ಏನೇನೋ ಮಾತಾಡುತ್ತಿದ್ದರು. ಡಾಕ್ಟರು ನ್ಯುಮೋನಿಯಾ ಅಂದರು. ಇದು ಹೇಗೆ?

ವಯಸ್ಸಾದವರಲ್ಲಿ ಹೀಗಾಗುವುದು ಅಪರೂಪವೇನಲ್ಲ. ಜ್ವರ ಬರಬೇಕಾದರೆ ದೇಹದ ರೋಗನಿರೋಧಕ ಶಕ್ತಿ ಜೋರಾಗಿ ಎದ್ದು ನಿಲ್ಲಬೇಕು. ಎಪ್ಪತ್ತು ಎಂಬತ್ತು ದಾಟಿದವರಲ್ಲಿ ಆ ಕಸುವು ಕಡಿಮೆ. ಮೈ ಬಿಸಿಯಾಗುವ ಬದಲು ತಣ್ಣಗಾಗುವುದೂ ಉಂಟು. ಕೆಮ್ಮುವ ಬಲವೂ ಕುಗ್ಗಿರುತ್ತದೆ, ಹಾಗಾಗಿ ಕಫ ಒಳಗೇ ಉಳಿಯುತ್ತದೆ.

ಅದರ ಬದಲು ಏನು ಕಾಣುತ್ತದೆ ಗೊತ್ತಾ? ನಿನ್ನೆ ಸರಿಯಾಗಿದ್ದವರು ಇಂದು ಮನೆಯವರ ಗುರುತು ಹಿಡಿಯುವುದಿಲ್ಲ. ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿಯೆಲ್ಲ ಗೊಣಗುತ್ತಾರೆ. ಊಟ ಬೇಡ ಅನ್ನುತ್ತಾರೆ. ಬಚ್ಚಲಿಗೆ ಹೋಗುವಾಗ ಜಾರಿ ಬೀಳುತ್ತಾರೆ. ಹಾಸಿಗೆಯಲ್ಲೇ ಮೂತ್ರ ಹೋಗುತ್ತದೆ. ಮನೆಯವರು "ವಯಸ್ಸಾಯ್ತಲ್ಲ, ಅರಳುಮರಳು" ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಅರಳುಮರಳು ತಿಂಗಳು ವರ್ಷಗಳಲ್ಲಿ ನಿಧಾನಕ್ಕೆ ಬರುತ್ತದೆ. ಒಂದೆರಡು ದಿನದಲ್ಲಿ ಬಂದ ಮಂಕು ಒಳಗೆ ಯಾವುದೋ ಕಾಯಿಲೆ ಇದೆ ಅನ್ನುವುದರ ಗುರುತು. ಅದು ಮೂತ್ರದ ಸೋಂಕಿರಬಹುದು, ಸೋಡಿಯಂ ಇಳಿದಿರಬಹುದು, ಪಾರ್ಶ್ವವಾಯು ಇರಬಹುದು, ನ್ಯುಮೋನಿಯಾ ಇರಬಹುದು. ಯಾವುದಾದರೂ ಅವತ್ತೇ ತೋರಿಸಬೇಕು.

ಇಂಥವರಲ್ಲಿ ಉಸಿರಿನ ವೇಗವೇ ದೊಡ್ಡ ಸುಳಿವು. ಅವರಿಗೆ ಹೇಳದೆ, ಪಕ್ಕದಲ್ಲಿ ಕುಳಿತು, ಹೊಟ್ಟೆ ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸಿ. ಸುಮ್ಮನೆ ಕುಳಿತ ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸರಿ. 24 ದಾಟಿದರೆ ತೋರಿಸಿ. 30 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಲೇಬೇಡಿ.

ಪ್ರಶ್ನೆ: ಮಗುವಿಗೆ ಹೊಟ್ಟೆನೋವು, ವಾಂತಿ. ಅಪೆಂಡಿಕ್ಸ್ ಅಂದುಕೊಂಡಿದ್ದೆವು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಾಣಿಸಿತು. ಹೊಟ್ಟೆಗೂ ಶ್ವಾಸಕೋಶಕ್ಕೂ ಏನು ಸಂಬಂಧ?

ಶ್ವಾಸಕೋಶದ ಕೆಳಭಾಗ ವಪೆಯ ಮೇಲೆ ಕೂತಿರುತ್ತದೆ. ವಪೆ ಅಂದರೆ ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡುವ ಸ್ನಾಯುವಿನ ಪರದೆ. ಅಲ್ಲಿನ ಪೊರೆ ಊದಿಕೊಂಡಾಗ ಅದರ ನೋವನ್ನು ಒಯ್ಯುವ ನರಗಳು ಹೊಟ್ಟೆಯ ಗೋಡೆಗೂ ಹೋಗುವ ನರಗಳೇ. ಹಾಗಾಗಿ ಮೆದುಳಿಗೆ ಹೊಟ್ಟೆಯೇ ನೋಯುತ್ತಿದೆ ಅನ್ನಿಸುತ್ತದೆ. ಬಲಗಡೆಯ ಕೆಳಭಾಗದ ನ್ಯುಮೋನಿಯಾವನ್ನು ಅಪೆಂಡಿಕ್ಸ್ ಅಂತ ತಿಳಿಯುವುದು ಮಕ್ಕಳ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೊಟ್ಟೆನೋವಿನ ಮಗುವಿಗೆ ಜ್ವರವೂ ಇದ್ದು ಉಸಿರೂ ಜೋರಾಗಿದ್ದರೆ, "ಎದೆಯನ್ನೂ ಒಮ್ಮೆ ನೋಡಿ ಡಾಕ್ಟರೇ" ಅಂತ ನೀವೇ ಕೇಳಿ. ತಪ್ಪೇನಿಲ್ಲ.

ಇದೇ ಪೊರೆಯ ನಡುಭಾಗ ಕೆರಳಿದರೆ ನೋವು ಭುಜದ ತುದಿಯಲ್ಲಿ ಕಾಣಿಸುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಭುಜದ ಚರ್ಮದ ನರಗಳೂ ಅಲ್ಲಿಂದಲೇ. ಉಸಿರೆಳೆದಾಗ ಭುಜ ಚುಚ್ಚುತ್ತದೆ, ಕೈ ಎತ್ತಿ ಇಳಿಸಿದರೆ ಏನೂ ಆಗುವುದಿಲ್ಲ ಅಂದರೆ ತೊಂದರೆ ಭುಜದ ಕೀಲಿನದಲ್ಲ. ನೋವಿನ ಮುಲಾಮು ಹಚ್ಚಿ ಕೂರಬೇಡಿ.

ಪ್ರಶ್ನೆ: ಹಸುಗೂಸಿನಲ್ಲಿ ಹೇಗೆ ಕಂಡುಹಿಡಿಯುವುದು? ಅದು ಕೆಮ್ಮುವುದೂ ಇಲ್ಲ.

ಇಲ್ಲೂ ಉಸಿರು ಎಣಿಸಿ. ಮಗು ಅಳದೆ, ಹಾಲು ಕುಡಿಯದೆ, ಶಾಂತವಾಗಿರುವಾಗ ಅಂಗಿ ಎತ್ತಿ ಒಂದು ನಿಮಿಷ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 2 ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, 2 ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಆಶಾ ಕಾರ್ಯಕರ್ತೆಯರು ಎಣಿಸುವುದೂ ಹೀಗೆಯೇ.

ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಎಳೆದುಕೊಳ್ಳುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ಪ್ರತಿ ಉಸಿರಿಗೂ ನರಳಿದಂತೆ ಸದ್ದು ಬರುತ್ತಿದೆಯಾ? ಮೊಲೆ ಹಿಡಿಯುತ್ತಿಲ್ಲವಾ? ಮೈ ತಣ್ಣಗಿದೆಯಾ? ಇವುಗಳಲ್ಲಿ ಒಂದು ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಎಳೆಗೂಸುಗಳಿಗೆ ಕೆಮ್ಮು ಇಲ್ಲದೆ ಬರೀ ಹಾಲು ಬಿಟ್ಟಿದ್ದೊಂದೇ ಗುರುತಾಗಿರಬಹುದು.

ಒಂದು ಮಾತು ನೇರವಾಗಿ ಹೇಳಬೇಕು. ಎದೆ ಕಟ್ಟಿದೆ ಅಂತ ಕೂಸಿನ ಹೊಟ್ಟೆಗೆ ಬರೆ ಹಾಕಿಸುವುದು ಇನ್ನೂ ಕೆಲವು ಕಡೆ ನಡೆಯುತ್ತದೆ. ಸುಟ್ಟ ಗಾಯದಿಂದ ಶ್ವಾಸಕೋಶದ ಸೋಂಕು ಹೋಗುವುದಿಲ್ಲ. ಮಗುವಿಗೆ ಇನ್ನೊಂದು ಸೋಂಕು ಸೇರಿಕೊಳ್ಳುತ್ತದೆ, ಔಷಧ ಕೊಡಬೇಕಾದ ಹೊತ್ತು ಕಳೆದುಹೋಗುತ್ತದೆ.

ಪ್ರಶ್ನೆ: ಕೂಸಿಗೆ ಮೂಗಿಗೆ ಎಣ್ಣೆ ಬಿಡುವುದು, ಒಳಲೆಯಲ್ಲಿ ಹಾಲು ಹಾಕುವುದು ನಮ್ಮಲ್ಲಿ ವಾಡಿಕೆ. ಇದರಿಂದಲೂ ನ್ಯುಮೋನಿಯಾ ಬರುತ್ತಾ?

ಬರಬಹುದು. ಎಣ್ಣೆ, ತುಪ್ಪ ಗಂಟಲಿಗೆ ತಾಗಿದರೂ ಕೆಮ್ಮು ಬರುವುದಿಲ್ಲ. ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂರುತ್ತದೆ. ಅದನ್ನು ಹೊರಹಾಕುವುದು ದೇಹಕ್ಕೆ ಬಹಳ ಕಷ್ಟ. ಆಂಟಿಬಯಾಟಿಕ್‌ನಿಂದ ಅದು ಕರಗುವುದಿಲ್ಲ. ಮೂಗಿಗೆ ಎಣ್ಣೆ ಬಿಡುವುದು, ಅಳುವ ಮಗುವಿನ ಬಾಯಿಗೆ ಹರಳೆಣ್ಣೆ ಸುರಿಯುವುದು ನಿಲ್ಲಿಸಿ. ಮೈಗೆ ಎಣ್ಣೆ ಹಚ್ಚಿ ನೀರೆರೆಯಲು ಅಡ್ಡಿಯಿಲ್ಲ. ಒಳಲೆಯಲ್ಲಿ ಹಾಲು ಕೊಡಲೇಬೇಕಾದರೆ ತಲೆ ಎತ್ತರದಲ್ಲಿಟ್ಟು, ಮಗು ಎಚ್ಚರವಿರುವಾಗ, ತುಟಿಯ ಬಳಿ ಹಿಡಿದು ಗುಟುಕು ಗುಟುಕಾಗಿ ಕೊಡಿ. ಕಾಲ ಮೇಲೆ ಮಲಗಿಸಿ, ಮೂಗು ಹಿಡಿದು ಸುರಿಯಬಾರದು.

ಸೀಮೆಎಣ್ಣೆ, ಪೇಂಟ್ ತೆಳು ಮಾಡುವ ಟರ್ಪೆಂಟೈನ್ ಇನ್ನೂ ಅಪಾಯ. ನೀರಿನ ಬಾಟಲಿಯಲ್ಲಿ ತುಂಬಿಟ್ಟದ್ದನ್ನು ಮಕ್ಕಳು ಕುಡಿದುಬಿಡುತ್ತಾರೆ. ಆಗ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾಗುವಾಗಲೇ ಅದು ಶ್ವಾಸಕೋಶಕ್ಕೆ ಇಳಿಯುವುದು. ಹಾಗೆಯೇ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನ್ಯುಮೋನಿಯಾದಲ್ಲಿ ಬೇಧಿಯೂ ಆಗುತ್ತಾ?

ಆಗುತ್ತದೆ. ಇದಕ್ಕೆ ಹೆಸರಾದದ್ದು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಅಲ್ಲಿಂದ ಮನೆಗೆ ಹೋದವರು ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಮಲಗಿದರು. ಸಮಾವೇಶಕ್ಕೆ ಬಂದಿದ್ದವರಲ್ಲಿ 29 ಮಂದಿ ತೀರಿಕೊಂಡರು. ತಿಂಗಳುಗಟ್ಟಲೆ ಯಾರಿಗೂ ಕಾರಣ ಗೊತ್ತಾಗಲಿಲ್ಲ. 1977ರ ಜನವರಿಯಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಜೋಸೆಫ್ ಮೆಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್ ರೋಗಾಣುವನ್ನು ಹಿಡಿದರು.

ಇದು ಬೆಚ್ಚಗಿನ ನೀರಿನಲ್ಲಿ ಬೆಳೆಯುತ್ತದೆ. ದೊಡ್ಡ ಕಟ್ಟಡಗಳ ಎಸಿ ಕೂಲಿಂಗ್ ಟವರ್, ಬಹಳ ದಿನ ಬಳಸದ ಷವರ್, ಕಾರಂಜಿ, ಇವುಗಳಿಂದ ಹಾರುವ ಸಣ್ಣ ಹನಿಗಳನ್ನು ಉಸಿರಾಡಿದಾಗ ಬರುತ್ತದೆ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಜೋರು ಜ್ವರ, ಬೇಧಿ, ತಲೆನೋವು, ಮಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು ಒಟ್ಟಿಗೆ ಕಂಡರೆ ಡಾಕ್ಟರಿಗೆ ಇದರ ಅನುಮಾನ ಬರುತ್ತದೆ. ಅಮಾಕ್ಸಿಸಿಲಿನ್‌ನಂಥ ಔಷಧ ಇದಕ್ಕೆ ನಾಟುವುದಿಲ್ಲ. ಹಾಗಾಗಿ ಇತ್ತೀಚೆಗೆ ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ಉಳಿದಿದ್ದರೆ ಕೇಳದಿದ್ದರೂ ಹೇಳಿ.

ಪ್ರಶ್ನೆ: ಮಗಳು ಕಾಲೇಜಿಗೆ ಹೋಗಿಬಂದು ಮಾಡುತ್ತಿದ್ದಾಳೆ. ಒಣಕೆಮ್ಮು ಮಾತ್ರ ಬಿಡುತ್ತಿಲ್ಲ. ಇದೂ ನ್ಯುಮೋನಿಯಾ ಅಂದರು!

ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಶಾಲೆ, ಹಾಸ್ಟೆಲ್, ಒಟ್ಟಿಗೆ ಇರುವ ಮನೆಗಳಲ್ಲಿ ನಿಧಾನಕ್ಕೆ ಹರಡುತ್ತದೆ. ಗಂಟಲು ನೋವು, ತಲೆನೋವು, ವಾರಗಟ್ಟಲೆ ಒಣಕೆಮ್ಮು. ಕೆಲವರಿಗೆ ಕಿವಿನೋವು, ಮೈಮೇಲೆ ದದ್ದು. ಅಪರೂಪಕ್ಕೆ ಬಾಯಿ, ತುಟಿ, ಕಣ್ಣಿನಲ್ಲಿ ಹುಣ್ಣು, ಅಥವಾ ಕೆಂಪು ರಕ್ತಕಣ ಒಡೆದು ರಕ್ತಹೀನತೆ. ಈ ರೋಗಾಣುವಿಗೆ ಕೋಶಭಿತ್ತಿ, ಅಂದರೆ ಹೊರಗಿನ ಗಟ್ಟಿ ಗೋಡೆ, ಇಲ್ಲ. ಪೆನಿಸಿಲಿನ್ ಗುಂಪಿನ ಔಷಧಗಳು ಹೊಡೆಯುವುದೇ ಕೋಶಭಿತ್ತಿಗೆ. ಹಾಗಾಗಿ ಅವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಬೇರೆ ಗುಂಪಿನದು ಬೇಕು. ಮನೆಯಲ್ಲಿ ಉಳಿದ ಹಳೆಯ ಮಾತ್ರೆ ನುಂಗಿ ನೋಡುವುದರಿಂದ ಪ್ರಯೋಜನವಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಉಡುಪಿ ಕಡೆಯವರು ನಾವು. ಮಾವನಿಗೆ ಶುಗರ್ ಇದೆ, ಗದ್ದೆ ಕೆಲಸ ಮಾಡುತ್ತಾರೆ. ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ, ಮಣ್ಣಿನಿಂದ ಬಂದದ್ದು ಅಂದರು. ಮಣ್ಣಿನಿಂದ ನ್ಯುಮೋನಿಯಾನಾ?

ಹೌದು. ಇದರ ಹೆಸರು ಮೆಲಿಯಾಯ್ಡೋಸಿಸ್. ಕರಾವಳಿ ಕರ್ನಾಟಕದ ಪ್ರತಿ ಮನೆಗೂ ಇದರ ಬಗ್ಗೆ ಗೊತ್ತಿರಬೇಕು. ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾ ಕೆಸರು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುತ್ತದೆ. ಕಾಲಿನ ಸಣ್ಣ ಗಾಯದಿಂದ, ಉಸಿರಿನಿಂದ, ನೀರಿನಿಂದ ಒಳಗೆ ಬರುತ್ತದೆ. ರಂಗೂನಿನಲ್ಲಿ ಇದನ್ನು ಮೊದಲು ವಿವರಿಸಿದವರು ಆಲ್‌ಫ್ರೆಡ್ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ. ಅದಾಗಿ ನೂರು ವರ್ಷ ದಾಟಿದೆ. ಉಡುಪಿ, ದಕ್ಷಿಣ ಕನ್ನಡದ ಆಸ್ಪತ್ರೆಗಳಲ್ಲಿ ಮಳೆಗಾಲ ಬಂತೆಂದರೆ ಈ ರೋಗಿಗಳು ಕಾಣುತ್ತಾರೆ.

ಆರೋಗ್ಯವಂತರಿಗೆ ತಗುಲುವುದು ಕಡಿಮೆ. ಮಧುಮೇಹ ಇರುವವರಿಗೆ ಅಪಾಯ ಬಹಳ ಜಾಸ್ತಿ. ಕುಡಿತ, ಕಿಡ್ನಿ ಕಾಯಿಲೆ ಇದ್ದವರಿಗೂ ಹಾಗೆಯೇ. ಕೆಲವೇ ದಿನಗಳಲ್ಲಿ ರಕ್ತಕ್ಕೆ ನಂಜೇರಿ ಪ್ರಾಣ ತೆಗೆಯಬಹುದು. ಅಥವಾ ತಿಂಗಳುಗಟ್ಟಲೆ ಕೆಮ್ಮು, ಜ್ವರ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕುಳಿ, ಹೀಗೆ ಥೇಟ್ ಕ್ಷಯದಂತೆ ಕಾಣಬಹುದು. ಕ್ಷಯದ ಮಾತ್ರೆ ಕೊಟ್ಟರೂ ಗುಣವಾಗುವುದಿಲ್ಲ. ಯಕೃತ್ತು, ಗುಲ್ಮ, ಕೀಲುಗಳಲ್ಲೂ ಕೀವು ಕಟ್ಟುತ್ತದೆ. ರಕ್ತ, ಕಫ, ಕೀವಿನ ಕಲ್ಚರ್, ಅಂದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಮಾಡಿದರೆ ಮಾತ್ರ ಖಚಿತವಾಗುತ್ತದೆ. ಅಭ್ಯಾಸವಿಲ್ಲದ ಲ್ಯಾಬ್ ಇದನ್ನು ಬೇರೆ ಬ್ಯಾಕ್ಟೀರಿಯಾ ಅಂತ ಬರೆಯುವುದೂ ಇದೆ.

ಮೊದಲು ಕನಿಷ್ಠ ಹತ್ತು ಹದಿನಾಲ್ಕು ದಿನ ಇಂಜೆಕ್ಷನ್, ಆಮೇಲೆ ಮೂರು ತಿಂಗಳಷ್ಟು ಮಾತ್ರೆ. ಹುಷಾರಾಯ್ತಲ್ಲ ಅಂತ ಮಾತ್ರೆ ಅರ್ಧಕ್ಕೆ ಬಿಟ್ಟರೆ ಮತ್ತೆ ಬರುತ್ತದೆ. ಮಾವನವರಿಗೆ ಈ ಮಾತನ್ನು ಬಿಡಿಸಿ ಹೇಳಿ. ಶುಗರ್ ಹಿಡಿತದಲ್ಲಿರಲಿ. ಗದ್ದೆಗೆ ಇಳಿಯುವಾಗ ಬೂಟು ಹಾಕಲಿ, ಗಾಯಕ್ಕೆ ಕೆಸರು ತಾಗದಿರಲಿ.

ಪ್ರಶ್ನೆ: ಕಾಡು, ತೋಟ, ಗದ್ದೆಯಲ್ಲಿ ಕೆಲಸ ಮಾಡುವವರು ಇನ್ನು ಯಾವುದಕ್ಕೆ ಹುಷಾರಾಗಿರಬೇಕು?

ಎರಡು ಮುಖ್ಯ. ಒಂದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುತ್ತದೆ. ಜ್ವರ ಐದಾರು ದಿನ ಇದ್ದು, ಆಮೇಲೆ ಕೆಲವರಿಗೆ ಉಸಿರಾಟ ಕೆಡುತ್ತದೆ. ಹಲವರಲ್ಲಿ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರುತ್ತದೆ. ನೋವಿರುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ಪಟ್ಟಿಯ ಜಾಗ, ಹೀಗೆ ಮರೆಯಲ್ಲೇ ಇರುತ್ತದೆ. ನಾಚಿಕೆ ಪಡದೆ ಮೈಯೆಲ್ಲ ನೋಡಿ, ಡಾಕ್ಟರಿಗೆ ತೋರಿಸಿ. ಆ ಒಂದು ಕಲೆ ಸಿಕ್ಕರೆ ರೋಗ ಸಿಕ್ಕಂತೆಯೇ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಕ್ಕೆ ಬೇಗ ಬಗ್ಗುತ್ತದೆ.

ಇನ್ನೊಂದು ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುತ್ತದೆ. ಮೀನಖಂಡ ನೋವು, ಕಣ್ಣು ಕೆಂಪಾಗುವುದು, ಕಾಮಾಲೆ ಇದರ ಗುರುತು. ಕೆಲವರಿಗೆ ಶ್ವಾಸಕೋಶದೊಳಗೇ ರಕ್ತ ಸುರಿದು ಕೆಮ್ಮಿನಲ್ಲಿ ರಕ್ತ ಬರುತ್ತದೆ. ಆಗ ಒಂದು ಗಂಟೆಯೂ ಕಾಯುವಂತಿಲ್ಲ.

ಪ್ರಶ್ನೆ: ಬಾಲ್ಕನಿಯಲ್ಲಿ ಪಾರಿವಾಳ, ಕೊಟ್ಟಿಗೆಯಲ್ಲಿ ಹಸು. ಇವುಗಳಿಂದ?

ಪಾರಿವಾಳ, ಗಿಳಿಗಳ ಒಣಗಿದ ಹಿಕ್ಕೆಯ ಧೂಳಿನಿಂದ ಸಿಟ್ಟಕೋಸಿಸ್ ಎಂಬ ನ್ಯುಮೋನಿಯಾ ಬರಬಹುದು. ನಮ್ಮ ಊರುಗಳಲ್ಲಿ ಹೆಚ್ಚು ಕಾಡುವುದು ಇನ್ನೊಂದು: ಸೋಂಕಲ್ಲ, ಅಲರ್ಜಿ. ಹಿಕ್ಕೆ, ಗರಿಯ ಧೂಳು ದಿನವೂ ಒಳಗೆ ಹೋಗಿ ಶ್ವಾಸಕೋಶ ಊದಿಕೊಳ್ಳುತ್ತದೆ. ವರ್ಷಗಳಾದರೆ ಗಟ್ಟಿಯಾಗಿಬಿಡುತ್ತದೆ. ಬೂಷ್ಟು ಹಿಡಿದ ಹುಲ್ಲು, ಕಬ್ಬಿನ ಸಿಪ್ಪೆ, ತೊಳೆಯದ ಏರ್ ಕೂಲರ್‌ನಿಂದಲೂ ಇದು ಬರುತ್ತದೆ. ಮನೆ ಬಿಟ್ಟು ಊರಿಗೆ ಹೋದಾಗ ಕೆಮ್ಮು ಕಡಿಮೆ, ವಾಪಸ್ ಬಂದರೆ ಜಾಸ್ತಿ ಅಂದರೆ ಆ ವಿಷಯ ಡಾಕ್ಟರಿಗೆ ಹೇಳಲೇಬೇಕು. ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ನೀರು ಹಾಕಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಹಸು, ಕುರಿ, ಮೇಕೆಗಳಿಂದ ಕ್ಯೂ ಜ್ವರ ಬರುತ್ತದೆ. ಮುಖ್ಯವಾಗಿ ಕರು ಹಾಕುವಾಗಿನ ಮಾಸು, ನೀರಿನಿಂದ. ಆ ಕೆಲಸ ಮಾಡಿದ ಎರಡು ಮೂರು ವಾರಕ್ಕೆ ಜ್ವರ, ಜೋರು ತಲೆನೋವು ಬಂದರೆ ಅದನ್ನೂ ತಿಳಿಸಿ.

ಪ್ರಶ್ನೆ: ಮತ್ತೆ ಮತ್ತೆ ಒಂದೇ ಜಾಗದಲ್ಲಿ ನ್ಯುಮೋನಿಯಾ ಆಗುತ್ತಿದೆ. ಯಾಕೆ?

ಒಂದೇ ಜಾಗ ಅಂದರೆ ಆ ದಾರಿಯಲ್ಲಿ ಏನೋ ಅಡ್ಡ ಕೂತಿರಬಹುದು. ಮಕ್ಕಳಲ್ಲಿ ಹೆಚ್ಚಾಗಿ ಕಡಲೆಕಾಯಿ ಬೀಜ, ಆಟಿಕೆಯ ಚೂರು. ನುಂಗುವಾಗ ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗಿರುತ್ತದೆ, ಮನೆಯವರಿಗೆ ಮರೆತೇ ಹೋಗಿರುತ್ತದೆ. ದೊಡ್ಡವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ, ಗಡ್ಡೆ ಇದೆಯೇ ಅಂತ ನೋಡಲೇಬೇಕು. ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿಯಿಂದ (ಉಸಿರುನಾಳಕ್ಕೆ ಕ್ಯಾಮೆರಾ ಇಳಿಸಿ ನೋಡುವುದು) ಗೊತ್ತಾಗುತ್ತದೆ. ಬೇರೆ ಬೇರೆ ಜಾಗದಲ್ಲಿ ಆಗುತ್ತಿದ್ದರೆ ರೋಗನಿರೋಧಕ ಶಕ್ತಿ, ಶುಗರ್, ಎಚ್‌ಐವಿ ಪರೀಕ್ಷೆ ಬೇಕು. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಕಂಡ ಅಪರೂಪದ ನ್ಯುಮೋಸಿಸ್ಟಿಸ್ ನ್ಯುಮೋನಿಯಾದ ವರದಿಯಿಂದಲೇ ಏಡ್ಸ್ ಜಗತ್ತಿನ ಕಣ್ಣಿಗೆ ಬಿದ್ದದ್ದು. ಒಣಕೆಮ್ಮು, ವಾರದಿಂದ ವಾರಕ್ಕೆ ಏರುವ ಏದುಸಿರು ಆ ನ್ಯುಮೋನಿಯಾದ ಗುರುತು.

ಪ್ರಶ್ನೆ: ಅಪ್ಪನಿಗೆ ಪಾರ್ಶ್ವವಾಯು ಆಗಿದೆ. ಆಗಾಗ ನ್ಯುಮೋನಿಯಾ ಆಗುತ್ತದೆ.

ನುಂಗುವ ಸ್ನಾಯುಗಳು ಸೋತಿರುತ್ತವೆ. ಊಟ, ಎಂಜಲು ಉಸಿರುನಾಳಕ್ಕೆ ಇಳಿಯುತ್ತದೆ. ಕೆಮ್ಮು ಬಾರದೆಯೂ ಇಳಿಯಬಹುದು. ಊಟವಾದ ಮೇಲೆ ದನಿ ಗೊರಗೊರ ಅನ್ನುತ್ತಿದ್ದರೆ ಅದೇ ಸುಳಿವು. ನೆಟ್ಟಗೆ ಕೂರಿಸಿ ಉಣಿಸಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೀರಿಗಿಂತ ಗಂಜಿಯಂಥ ಮಂದ ಪದಾರ್ಥ ನುಂಗುವುದು ಕೆಲವರಿಗೆ ಸುಲಭ; ಇದನ್ನು ನುಂಗುವಿಕೆಯ ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ. ದಿನಕ್ಕೆರಡು ಸಲ ಹಲ್ಲು, ನಾಲಿಗೆ ಸ್ವಚ್ಛ ಮಾಡಿ. ಬಾಯಿಯ ಬ್ಯಾಕ್ಟೀರಿಯಾಗಳೇ ಒಳಗೆ ಹೋಗಿ ಸೋಂಕು ಮಾಡುವುದು.

ಪ್ರಶ್ನೆ: ಆಂಟಿಬಯಾಟಿಕ್ ಕೊಟ್ಟರೂ ಕಡಿಮೆ ಆಗುತ್ತಿಲ್ಲ. ಏನಿರಬಹುದು?

ಮೊದಲ ಅನುಮಾನ ಕ್ಷಯ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ನ್ಯುಮೋನಿಯಾಕ್ಕೆ ಕೊಡುವ ಲೆವೊಫ್ಲಾಕ್ಸಾಸಿನ್‌ನಂಥ ಔಷಧ ಕ್ಷಯವನ್ನು ಕೆಲವು ದಿನ ಅಡಗಿಸಿ, ಪತ್ತೆಯನ್ನು ತಡ ಮಾಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬೇಡಿ ಅನ್ನುವುದು ಇದಕ್ಕೇ.

ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನೂ ತೋರಿಸಿ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಹೃದಯಬಡಿತಕ್ಕೆ ಕೊಡುವ ಅಮಿಯೊಡರೋನ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫುರಾಂಟಾಯಿನ್ ಕೆಲವರ ಶ್ವಾಸಕೋಶಕ್ಕೆ ಹೀಗೇ ತೊಂದರೆ ಕೊಡುತ್ತವೆ. ಆದರೆ ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ಇನ್ನು ಆನೆಕಾಲು ರೋಗವಿರುವ ಕಲಬುರಗಿ, ಬೀದರ್, ಕರಾವಳಿ ಕಡೆಯವರಿಗೆ ರಾತ್ರಿಯಲ್ಲೇ ಕೆಮ್ಮು ಏರುತ್ತಿದ್ದು, ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ ಬಹಳ ಹೆಚ್ಚಿದ್ದರೆ, ಕಾರಣ ಫೈಲೇರಿಯಾ ಹುಳ ಇರಬಹುದು.

ಪ್ರಶ್ನೆ: ಫ್ಲೂ ಬಂದು ಹುಷಾರಾಗುತ್ತಿದ್ದರು, ಮತ್ತೆ ಜ್ವರ ಬಂತು. ಕಾಯಬಹುದಾ?

ಬೇಡ. ವೈರಸ್ ಜ್ವರ ಇಳಿದು ಎರಡು ಮೂರು ದಿನಕ್ಕೆ ಮತ್ತೆ ಏರಿದರೆ ಅದರ ಮೇಲೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು.

ಪ್ರಶ್ನೆ: ಮನೆಯಲ್ಲಿ ಆಕ್ಸಿಮೀಟರ್ ಇದೆ. ಅದನ್ನು ನಂಬಬಹುದಾ?

ಸಹಾಯಕ್ಕೆ ಬರುತ್ತದೆ. ಕೋವಿಡ್ ಕಾಲದಲ್ಲಿ ನೋಡಿದೆವಲ್ವಾ, ಆರಾಮಾಗಿ ಮಾತಾಡುತ್ತಿದ್ದವರ ಆಮ್ಲಜನಕ ಎಷ್ಟೋ ಕೆಳಗೆ ಇಳಿದಿರುತ್ತಿತ್ತು. 94ಕ್ಕಿಂತ ಕಡಿಮೆ ಬಂದರೆ ಡಾಕ್ಟರನ್ನು ಕಾಣಿ. 90ಕ್ಕಿಂತ ಕಡಿಮೆ ಬಂದರೆ 108ಕ್ಕೆ ಕರೆ ಮಾಡಿ. ಉಗುರುಬಣ್ಣ, ತಣ್ಣಗಿನ ಬೆರಳು ಲೆಕ್ಕ ತಪ್ಪಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಅಂಕಿ ಚೆನ್ನಾಗಿದ್ದು ಉಸಿರು ನಿಮಿಷಕ್ಕೆ 30 ಇದ್ದರೆ ಉಸಿರನ್ನೇ ನಂಬಿ.

ಪ್ರಶ್ನೆ: ಮಳೆಯಲ್ಲಿ ನೆಂದರೆ, ಐಸ್‌ಕ್ರೀಮ್ ತಿಂದರೆ ಬರುತ್ತಾ?

ಇಲ್ಲ. ರೋಗಾಣು ಬೇಕು. ಒಲೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ ಮಾತ್ರ ಅಪಾಯವನ್ನು ನಿಜವಾಗಿ ಹೆಚ್ಚಿಸುತ್ತವೆ.

ಪ್ರಶ್ನೆ: ಲಸಿಕೆ ಇದೆಯಾ?

ಮಕ್ಕಳಿಗೆ ಸರ್ಕಾರವೇ ಉಚಿತವಾಗಿ ಕೊಡುತ್ತದೆ. ನ್ಯುಮೋಕಾಕಲ್ ಲಸಿಕೆ, ಅಂದರೆ ಪಿಸಿವಿ, 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 6 ವಾರ, 14 ವಾರ, 9 ತಿಂಗಳಿಗೆ ಹಾಕುತ್ತಾರೆ. ತಾಯಿ ಕಾರ್ಡ್ ತೆಗೆದು ನೋಡಿ. 65 ದಾಟಿದವರು, ಶುಗರ್, ಹೃದಯ, ಕಿಡ್ನಿ, ಅಸ್ತಮಾ ಇರುವವರು ನ್ಯುಮೋಕಾಕಲ್ ಲಸಿಕೆ ಮತ್ತು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಮೆಲಿಯಾಯ್ಡೋಸಿಸ್‌ಗೆ, ಸ್ಕ್ರಬ್ ಟೈಫಸ್‌ಗೆ ಲಸಿಕೆ ಇಲ್ಲ.

ಪ್ರಶ್ನೆ: ಜ್ವರ ಹೋಯಿತು, ಆದರೆ ಸುಸ್ತು ಹೋಗಿಲ್ಲ. ಎಕ್ಸ್‌ರೇಯಲ್ಲೂ ಕಲೆ ಇನ್ನೂ ಇದೆ. ಗುಣವಾಗಿಲ್ಲ ಅಂತಾನಾ?

ಹಾಗೇನಿಲ್ಲ. ಎಕ್ಸ್‌ರೇ ಯಾವಾಗಲೂ ಹಿಂದೆ ಉಳಿಯುತ್ತದೆ. ರೋಗಿ ಹುಷಾರಾದ ಮೇಲೂ ಕಲೆ ಪೂರ್ತಿ ಮಾಯಲು ಆರು ವಾರ ಬೇಕಾಗಬಹುದು. ವಯಸ್ಸಾದವರಿಗೆ ಇನ್ನೂ ಜಾಸ್ತಿ. ಸುಸ್ತೂ ತಿಂಗಳುಗಟ್ಟಲೆ ಉಳಿಯಬಹುದು. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಮೇಲಾಗುತ್ತಿದ್ದರೆ ಚಿಂತೆ ಬೇಡ. ಆದರೆ 50 ದಾಟಿದವರು, ಬೀಡಿ ಸಿಗರೇಟು ಸೇದುತ್ತಿದ್ದವರು ಆರು ವಾರದ ನಂತರ ಇನ್ನೊಂದು ಎಕ್ಸ್‌ರೇ ತೆಗೆಸಲೇಬೇಕು. ಕಲೆ ಆಗಲೂ ಹೋಗಿರದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.